‘ಸಾವಿಗೆ ಕಾರಣ’ ಎಂಬ ಕಾಲಂಗೆ ಒಂದು ಬಹಿರಂಗ ಪತ್ರ

ದೇಶದೇಶಗಳ ಮರಣ ಪ್ರಮಾಣಪತ್ರಗಳಲ್ಲಿ ಬಿಡಾರ ಹೂಡಿರುವ ‘ಸಾವಿಗೆ ಕಾರಣ’ ಎಂಬ ಘನತೆವೆತ್ತ ಕಾಲಂಗೆ ಓದುಗ ಮಹಾಜನರ ನಮಸ್ಕಾರಗಳು. ಉಭಯ ಕುಶಲೋಪರಿ. ತಮ್ಮ ಉದ್ಯೋಗ ನೋಡಿದರೆ ಕುಶಲ ಕೇಳುವುದು ಅಷ್ಟು ಸರಿಯಲ್ಲ. ಆದರೂ ಪತ್ರವೆಂದ ಮೇಲೆ ಪದ್ಧತಿ ಬಿಡಲಾದೀತೆ?

ಬರೆಯಲು ಕಾರಣವಿಷ್ಟೇ. ಫ್ಲೂಗೆ ಯಾವ ದೇಶದಲ್ಲಿ ಎಷ್ಟು ಜನ ಸತ್ತರು ಎಂದು ಪಟ್ಟಿ ಮಾಡುವ ಉತ್ಸಾಹಿಗಳು ಎಲ್ಲ ಕಾಲದಲ್ಲೂ ಇರುತ್ತಾರೆ. ಪಟ್ಟಿಯಲ್ಲಿ ಅಮೆರಿಕ ಮೇಲೆ ಕೂತಿರುತ್ತದೆ. ಕೆಳಗಿನ ಕೆಲವು ದೇಶಗಳನ್ನು ನೋಡಿದರೆ, ವೈರಸ್ಸಿಗೆ ಅಲ್ಲಿನ ವೀಸಾ ಸಿಗಲಿಲ್ಲವೇನೋ ಅನ್ನಿಸಬೇಕು. ಪಾಪ, ಪಟ್ಟಿ ಮಾಡಿದವರದೇನೂ ತಪ್ಪಿಲ್ಲ. ತಾವು ಹೇಳಿದ್ದನ್ನು ಅವರು ನಂಬಿದರು, ಅಷ್ಟೇ.

ಚೀನಾವನ್ನೇ ನೋಡಿ. 2018ರ ಸರ್ಕಾರಿ ವರದಿಯಲ್ಲಿ ಫ್ಲೂ ಸಾವು 153. ನೂರನಲವತ್ತು ಕೋಟಿ ಜನರಲ್ಲಿ! ಮರುವರ್ಷ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, 2010ರಿಂದ 2015ರವರೆಗೆ ಅದೇ ದೇಶದಲ್ಲಿ ಫ್ಲೂ ಹಂಗಾಮಿಗೆ ಸರಾಸರಿ 88,100 ಮಂದಿ ಉಸಿರಾಟದ ತೊಂದರೆಯಿಂದ ಹೆಚ್ಚುವರಿಯಾಗಿ ಸತ್ತರೆಂದು ಅಂದಾಜಿಸಿತು. ವರ್ಷ ಬೇರೆ ಬೇರೆ ಎಂದು ಎಷ್ಟು ರಿಯಾಯಿತಿ ಕೊಟ್ಟರೂ ಈ ಅಂತರ ಮುಚ್ಚುವಂಥದ್ದಲ್ಲ. ಜರ್ಮನಿಯಲ್ಲಾದರೆ ಆ ರಿಯಾಯಿತಿಯೂ ಬೇಕಿಲ್ಲ. 2017-18ರ ಒಂದೇ ಚಳಿಗಾಲಕ್ಕೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯಾದ ರಾಬರ್ಟ್ ಕಾಖ್ ಸಂಸ್ಥೆ ಎರಡು ಅಂಕಿ ಕೊಟ್ಟಿತು: ಪ್ರಯೋಗಾಲಯದಲ್ಲಿ ಖಚಿತವಾದ ಸಾವು 1,674, ಅಂದಾಜು ಸಾವು 25,100. ಎರಡೂ ಸುಳ್ಳಲ್ಲ. ಒಂದು ತಮ್ಮಂಥವರನ್ನು ಕೇಳಿ ಬರೆದದ್ದು, ಇನ್ನೊಂದು ಕೇಳದೆ ಬರೆದದ್ದು.

ತಮ್ಮನ್ನು ಕೇಳದೆ ಲೆಕ್ಕ ಹಾಕುವ ಈ ಉದ್ಧಟತನ ಹೊಸದೇನಲ್ಲ. 1847ರಲ್ಲೇ ಲಂಡನ್ನಿನ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞ, ಫ್ಲೂ ಬಂದ ವಾರಗಳಲ್ಲಿ ಮಾಮೂಲಿಗಿಂತ ಎಷ್ಟು ಹೆಚ್ಚು ಜನ ಸತ್ತರು ಎಂದು ಕಳೆದು ನೋಡಿದ್ದ. 1963ರಲ್ಲಿ ಅಮೆರಿಕದ ರಾಬರ್ಟ್ ಸರ್ಫ್ಲಿಂಗ್ ಅದಕ್ಕೊಂದು ಗಣಿತದ ಸೂತ್ರ ಕೊಟ್ಟ. ಅವರಿಗೆ ಗೊತ್ತಿದ್ದ ಗುಟ್ಟು ಇದು: ಫ್ಲೂ ತಾನೇ ಕೊಂದು ಸಿಕ್ಕಿಬೀಳುವುದು ಅಪರೂಪ. ಮೊದಲು ಅದು ಬಂದು ಬಾಗಿಲು ತೆಗೆಯುತ್ತದೆ. ಹಿಂದಿನಿಂದ ನ್ಯುಮೋನಿಯಾ ಬರುತ್ತದೆ, ಹೃದಯಾಘಾತ ಬರುತ್ತದೆ. ರೋಗಿ ಸಾಯುವ ಹೊತ್ತಿಗೆ ಮೂಗಿನಲ್ಲಿ ವೈರಸ್ಸೂ ಇರುವುದಿಲ್ಲ, ಪರೀಕ್ಷೆ ಮಾಡಿಸಿದವರೂ ಇರುವುದಿಲ್ಲ. ತಾವು ಸೌಜನ್ಯದಿಂದ ‘ಹೃದಯ ಸ್ತಂಭನ’ ಎಂದು ಬರೆಸಿಕೊಳ್ಳುತ್ತೀರಿ. ಹೃದಯ ನಿಲ್ಲದೆ ಸತ್ತವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.

ಹಾಗೆಂದು ಅಂದಾಜುಗಾರರ ಮುಂದೆ ಸಾಷ್ಟಾಂಗ ಹಾಕಬೇಕಿಲ್ಲ. 2017-18ರ ಹಂಗಾಮಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮೊದಲು ಹೇಳಿದ್ದು ಸುಮಾರು 80,000 ಸಾವು, ಆಮೇಲೆ 61,000, ಈಗ 52,000. ಇಪ್ಪತ್ತೆಂಟು ಸಾವಿರ ಜನ ಎದ್ದು ಮನೆಗೆ ಹೋದರೆಂದಲ್ಲ, ಹೊಸ ಮಾಹಿತಿ ಬಂದಂತೆ ಲೆಕ್ಕ ತಿದ್ದಿದರು. ಅಲ್ಲಿ ಒಂದೊಂದು ಪ್ರಕರಣವನ್ನೂ ವರದಿ ಮಾಡಿ ಎಣಿಸುವುದು ಮಕ್ಕಳ ಫ್ಲೂ ಸಾವುಗಳನ್ನು ಮಾತ್ರ, ಅದೂ 2004ರಿಂದ. ದೊಡ್ಡವರು ಸೂತ್ರದೊಳಗಿನ ಸಂಖ್ಯೆಗಳು.

ಇನ್ನು ಭಾರತ. ಇಲ್ಲಿ ತಾವು ಮರಣದ ಕಾರಣದ ‘ನಮೂನೆ 4’ರಲ್ಲಿ ವಾಸ. ಆದರೆ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ನೂರಕ್ಕೆ ಸುಮಾರು 22. ಉಳಿದ ಕಡೆ ತಮಗೆ ಹಾಜರಾತಿಯೇ ಇಲ್ಲ. ಎಚ್1ಎನ್1 ಫ್ಲೂ ಅಬ್ಬರಿಸಿದ 2015ರಲ್ಲಿ ದೇಶದ ಲೆಕ್ಕ ಸುಮಾರು 3,000 ಸಾವು. 2010ರಿಂದ 2013ರ ಅವಧಿಯ ಬಗ್ಗೆ ಬಂದ ಅಧ್ಯಯನದ ಅಂದಾಜು ವರ್ಷಕ್ಕೆ ಲಕ್ಷಕ್ಕೂ ಮೇಲೆ. ಸಾಲದ್ದಕ್ಕೆ ಇಲ್ಲಿ ಫ್ಲೂ ಪಂಚಾಂಗವೇ ಬೇರೆ. ದೇಶದ ಬಹುಭಾಗದಲ್ಲಿ ಅದು ಮಳೆಗಾಲದಲ್ಲಿ ಏರುತ್ತದೆ. ಯುರೋಪಿನ ಡಿಸೆಂಬರ್ ಪಕ್ಕದಲ್ಲಿ ನಮ್ಮ ಡಿಸೆಂಬರ್ ಇಟ್ಟು ನೋಡಿದವರಿಗೆ ಕರ್ನಾಟಕದ ಜುಲೈ, ಆಗಸ್ಟ್ ಕಣ್ಣಿಗೇ ಬೀಳುವುದಿಲ್ಲ.

ಪ್ರಾಮಾಣಿಕತೆಗೆ ದಂಡ ಬೀಳುತ್ತದೆಂಬುದನ್ನು ಆರೋಗ್ಯ ಖಾತೆಗಳು 1918ರ ಮಹಾ ಫ್ಲೂ ಕಾಲದಲ್ಲೇ ಕಲಿತಿರಬೇಕು. ಯುದ್ಧ ಮಾಡುತ್ತಿದ್ದ ದೇಶಗಳು ಸುದ್ದಿ ಅದುಮಿಟ್ಟವು. ಯುದ್ಧಕ್ಕಿಳಿಯದ ಸ್ಪೇನಿನ ಪತ್ರಿಕೆಗಳು ಇದ್ದದ್ದನ್ನು ಬರೆದವು. ರೋಗಕ್ಕೆ ಹೆಸರು ಸ್ಪೇನಿನದೇ ಆಯಿತು.

ಆದ್ದರಿಂದ ತಮ್ಮಲ್ಲಿ ಒಂದೇ ಅರಿಕೆ, ಸೊನ್ನೆಗಳ ಬಗ್ಗೆ. 2021ರಲ್ಲಿ ಆಸ್ಟ್ರೇಲಿಯದಲ್ಲಿ ಫ್ಲೂನಿಂದ ಒಂದು ಸಾವೂ ವರದಿಯಾಗಲಿಲ್ಲ. ಗಡಿ ಮುಚ್ಚಿತ್ತು, ಜನ ಅಂತರ ಕಾಯ್ದುಕೊಂಡಿದ್ದರು, ಪರೀಕ್ಷೆಗಳೂ ಬೇಕಾದಷ್ಟು ನಡೆದಿದ್ದವು. ಅದು ಹುಡುಕಿದ ಮೇಲೆ ಸಿಕ್ಕ ಸೊನ್ನೆ. ಹುಡುಕದೆಯೇ ಸಿಗುವ ಸೊನ್ನೆಗಳು ಬೇರೆ ಇವೆ. ಮುಂದಿನ ಪಟ್ಟಿ ಅಚ್ಚಾಗುವ ಮೊದಲು ಈ ಎರಡನೆಯ ಬಗೆಯದನ್ನು ಕೆಂಪು ಶಾಯಿಯಲ್ಲಿ ಬರೆಸಿಕೊಳ್ಳಬೇಕಾಗಿ ಪ್ರಾರ್ಥನೆ. ಶಾಯಿಯ ಖರ್ಚು ಜಾಸ್ತಿಯಾದರೆ ಓದುಗರು ಚಂದಾ ಎತ್ತಲು ಸಿದ್ಧರಿದ್ದಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಇನ್ನೂ ಯಾವ ಕಾಲಂಗೂ ಸೇರದ ಓದುಗರು