ಅಸ್ಪಷ್ಟ ರೋಮನ್ ನಾಣ್ಯಗಳ ಸುಸ್ಪಷ್ಟ ನಿರ್ಣಯ: ಒಂದು ಶಾಸ್ತ್ರೀಯ ವಿವೇಚನೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಲ್ಯಾಟಿನ್ ಬಾರದ, ಆದರೆ ಭೂತಗನ್ನಡಿ ಉಳ್ಳ ಗೃಹಸ್ಥ. ವಿಷಯ, ಕ್ರಿ.ಶ. ನಾಲ್ಕನೆಯ ಶತಮಾನದ ರೋಮನ್ ಕಂಚಿನ ಚಿಲ್ಲರೆ. ಇವೆರಡರ ನಡುವೆ ಸಂಬಂಧ ಯಾವುದೂ ಇಲ್ಲ. ಪ್ರಯೋಜನದ ಪ್ರಶ್ನೆಯನ್ನು ಮನೆಯವರು ಈಗಾಗಲೇ ಎತ್ತಿರುವುದರಿಂದ ಇಲ್ಲಿ ಮತ್ತೆ ಎತ್ತುವುದಿಲ್ಲ.

ಈ ವಿದ್ಯೆಯ ಗುರುಪರಂಪರೆ ಸಣ್ಣದಲ್ಲ. ಕವಿ ಪೆಟ್ರಾರ್ಕ್ 1354ರಲ್ಲಿ ಮಾಂಟುವಾದಲ್ಲಿ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸನಿಗೆ ಕೆಲವು ರೋಮನ್ ನಾಣ್ಯಗಳನ್ನು ಕಾಣಿಕೆಯಾಗಿ ಕೊಟ್ಟು, ಇವುಗಳ ಮೇಲಿರುವವರಂತೆ ಬಾಳೆಂದು ಬುದ್ಧಿ ಹೇಳಿದ. ಚಕ್ರವರ್ತಿ ನಾಣ್ಯಗಳನ್ನು ಇಟ್ಟುಕೊಂಡ. ಆಮೇಲೆ ವಿಯೆನ್ನಾದ ಯೋಸೆಫ್ ಎಕೆಲ್ ಎಂಬಾತ 1792ರಿಂದ 1798ರೊಳಗೆ ಎಂಟು ಸಂಪುಟ ಬರೆದು ಶಾಸ್ತ್ರಕ್ಕೆ ಬುನಾದಿ ಹಾಕಿದ. 1923ರಲ್ಲಿ ಇಂಗ್ಲಿಷಿನಲ್ಲಿ ಶುರುವಾದ ರೋಮನ್ ಸಾಮ್ರಾಜ್ಯದ ನಾಣ್ಯಗಳ ಮಹಾಪಟ್ಟಿ ಹತ್ತನೆಯ ಸಂಪುಟ ಮುಟ್ಟಿದ್ದು 1994ರಲ್ಲಿ. ಹವ್ಯಾಸಿಯಾದವನು ಈ ಹದಿನೆಂಟು ಸಂಪುಟಗಳಿಗೂ ಭಕ್ತಿಯಿಂದ ಕೈಮುಗಿದು, ಒಂದನ್ನೂ ತೆರೆಯದೆ ನಿರ್ಣಯಕ್ಕೆ ಕೂರುತ್ತಾನೆ.

ನಮ್ಮ ಶಾಸ್ತ್ರದ ಮೂಲಸೂತ್ರ ಇದು: ನಾಣ್ಯ ಎಷ್ಟು ಸವೆದಿದೆಯೋ ಪಾಂಡಿತ್ಯಕ್ಕೆ ಅಷ್ಟು ಜಾಗ. ನೀರೋನ ಕೊಬ್ಬಿದ ಕತ್ತನ್ನೋ ಹೇಡ್ರಿಯನ್ನನ ಗಡ್ಡವನ್ನೋ ಸ್ಪಷ್ಟವಾಗಿ ತೋರಿಸುವ ಬೆಳ್ಳಿಯ ದಿನಾರಿಯಸ್ಸನ್ನು ಶಾಲೆಯ ಹುಡುಗನೂ ಗುರುತಿಸಬಲ್ಲ; ಅದರಲ್ಲಿ ವಿದ್ವಾಂಸನಿಗೆ ಕೆಲಸವೇನು? ಆದಕಾರಣ ಒಳ್ಳೆಯ ಸ್ಥಿತಿಯ ಬೆಳ್ಳಿ ಬಂಗಾರದ ನಾಣ್ಯಗಳನ್ನು ಈ ಪ್ರಬಂಧದಿಂದ ಹೊರಗಿಡಲಾಗಿದೆ. ಅವುಗಳ ಬೆಲೆಗೂ ಈ ತೀರ್ಮಾನಕ್ಕೂ ಸಂಬಂಧ ಕಲ್ಪಿಸುವವರು ಕ್ಷುದ್ರ ಟೀಕಾಕಾರರು.

ಈಗ ಮುಖ್ಯ ವಿವಾದಕ್ಕೆ ಬರೋಣ. ಬಾಲ್ಕನ್ ನಾಡುಗಳ ಮಣ್ಣಿನಿಂದ ಎದ್ದು, ತೊಳೆಯದೆಯೇ ಚೀಲದ ಲೆಕ್ಕದಲ್ಲಿ ಮಾರಾಟವಾಗಿ ಬಂದ ಕಾಸುಗಳಲ್ಲಿ ಬಹುಪಾಲು ಒಂದೇ ಮನೆತನದವು. ತಂದೆ ಕಾನ್‌ಸ್ಟಾಂಟಿಯಸ್, ಮಗ ಕಾನ್‌ಸ್ಟಾಂಟಿನಸ್. ಈ ಮಗ ತನ್ನ ಗಂಡುಮಕ್ಕಳಲ್ಲಿ ಮೂವರಿಗೆ ಕಾನ್‌ಸ್ಟಾಂಟಿನಸ್, ಕಾನ್‌ಸ್ಟಾಂಟಿಯಸ್, ಕಾನ್‌ಸ್ಟಾನ್ಸ್ ಎಂದು ಹೆಸರಿಟ್ಟ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮಗೂ ಇಷ್ಟೊಂದು ಮಿತವ್ಯಯ ಸಾಧ್ಯವಾಗಿಲ್ಲ. ಈ ಮೂವರ ನಡುವೆ ರಾಜ್ಯ ಪಾಲಾದ ಮೇಲೆ, ಅಣ್ಣ ತಮ್ಮನ ಪಾಲಿಗೆ ನುಗ್ಗಿಹೋಗಿ 340ರಲ್ಲಿ ಸತ್ತ. ಹೀಗೆ ದಾಯಾದಿ ಕಲಹ ಒಬ್ಬನನ್ನು ಕಡಿಮೆ ಮಾಡಿದರೂ, ಅವನ ನಾಣ್ಯಗಳು ಆಗಲೇ ಟಂಕಸಾಲೆ ಬಿಟ್ಟಿದ್ದರಿಂದ ವಿದ್ವತ್ತಿಗೆ ಏನೂ ಅನುಕೂಲವಾಗಲಿಲ್ಲ. ಇವರೆಲ್ಲರ ಕಾಸಿನ ಅಂಚು ಸವೆದಾಗ ಉಳಿಯುವುದು ‘ಕಾನ್‌ಸ್ಟಾ’ ಎಂಬಷ್ಟೇ.

ಪೂರ್ವಪಕ್ಷ ಹೀಗಿದೆ: ತಲೆಯ ಮೇಲೆ ರತ್ನದ ಪಟ್ಟಿ ಇದ್ದರೆ ಸಾಮಾನ್ಯವಾಗಿ ಪಟ್ಟಕ್ಕೇರಿದ ಆಗಸ್ಟಸ್, ಎಲೆಯ ಕಿರೀಟ ಇದ್ದರೆ ಯುವರಾಜ ಸೀಸರ್. ಯುಕ್ತಿಯೇನೋ ಸರಿ. ಆದರೆ ನಮ್ಮ ನಾಣ್ಯದಲ್ಲಿ ತಲೆಯೇ ಇಲ್ಲ. ತಲೆ ಇದ್ದಿರಬಹುದಾದ ಒಂದು ಉಬ್ಬು ಇದೆ. ಆದ್ದರಿಂದ ಸಿದ್ಧಾಂತ: ಹವ್ಯಾಸಿಯ ಡಬ್ಬಿಯಲ್ಲಿ ಇಲ್ಲಿಯವರೆಗೆ ಯಾರ ನಾಣ್ಯ ಇಲ್ಲವೋ ಇದು ಅವನದೇ. ಈ ಸಿದ್ಧಾಂತಕ್ಕೆ ಅಪವಾದವೊಂದು ಇದುವರೆಗೆ ಕಂಡುಬಂದಿಲ್ಲ.

ಹಿಂಬದಿಯ ಮೀಮಾಂಸೆ ಇನ್ನೂ ರಸವತ್ತಾದದ್ದು. ‘ಗ್ಲೋರಿಯಾ ಎಕ್ಸರ್ಸಿಟಸ್’, ಅಂದರೆ ಸೇನೆಯ ಕೀರ್ತಿ, ಎಂದು ಬರೆದ ಕಾಸಿನಲ್ಲಿ 330ರ ಹೊತ್ತಿಗೆ ಇಬ್ಬರು ಸೈನಿಕರು, ನಡುವೆ ಎರಡು ಧ್ವಜ. ಐದಾರು ವರ್ಷದಲ್ಲಿ ಕಾಸು ಕುಗ್ಗಿತು, ಧ್ವಜ ಒಂದಾಯಿತು. ಕೀರ್ತಿಯ ಅಕ್ಷರಗಳು ಮಾತ್ರ ಅಷ್ಟೇ ಉಳಿದವು. 348ರ ಸುಮಾರಿಗೆ ಇನ್ನೊಂದು ಘೋಷಣೆ ಬಂತು: ‘ಫೆಲ್ ಟೆಂಪ್ ರೆಪಾರಾಶಿಯೋ’, ಸುದಿನಗಳು ಮರಳಿ ಬಂದವು ಎಂದು. ಅದರ ಕೆಳಗಿನ ಚಿತ್ರಗಳಲ್ಲಿ ಅತಿ ಹೆಚ್ಚು ಸಿಗುವುದು, ಕುದುರೆಯಿಂದ ಉರುಳುತ್ತಿರುವವನೊಬ್ಬನಿಗೆ ಕಾಲಾಳು ಈಟಿ ಚುಚ್ಚುತ್ತಿರುವುದು. ಸುದಿನ ಬಂದದ್ದು ಯಾರಿಗೆ ಎಂಬುದರಲ್ಲಿ ಚಿತ್ರಕಾರ ಸಂದೇಹ ಉಳಿಸಿಲ್ಲ. ಸುದಿನ ಬಂತೆಂದು ಅಚ್ಚು ಹಾಕಿಸಿದ ಸರ್ಕಾರವೇ ಹತ್ತು ವರ್ಷದೊಳಗೆ ಆ ಕಾಸನ್ನು ಕಿರಿದು ಮಾಡುತ್ತ ಹೋಯಿತೆಂಬುದನ್ನು ಅರ್ಥಶಾಸ್ತ್ರದವರು ಗಮನಿಸಲಿ, ನಮ್ಮದು ನಾಣ್ಯಶಾಸ್ತ್ರ.

ಟಂಕಸಾಲೆಯ ಗುರುತು ತಳದಲ್ಲಿರುತ್ತದೆ. ‘ಸಿಸ್’ ಎಂದರೆ ಇಂದಿನ ಕ್ರೊಯೇಶಿಯಾದ ಸಿಸಾಕ್, ‘ಅಲೆ’ ಎಂದರೆ ಅಲೆಕ್ಸಾಂಡ್ರಿಯ, ‘ಟಿಆರ್’ ಎಂದರೆ ಟ್ರಿಯರ್. ಅಚ್ಚು ಓರೆಯಾಗಿ ಬಿದ್ದ ನಾಣ್ಯದಲ್ಲಿ ಮೊದಲು ತಪ್ಪಿಹೋಗುವುದೂ ಈ ತಳವೇ. ಇನ್ನು ಇವುಗಳ ಹೆಸರಿನ ವಿಚಾರ. ಈ ಕಂಚಿನ ಕಾಸುಗಳನ್ನು ರೋಮನ್ನರು ಏನೆಂದು ಕರೆಯುತ್ತಿದ್ದರೆಂಬುದರಲ್ಲಿ ಒಮ್ಮತಕ್ಕೆ ಬಾರದ ಮಹಾವಿದ್ವಾಂಸರು ಅಡ್ಡಗಲ ಅಳೆದು ‘ಎಇ 1’ರಿಂದ ‘ಎಇ 4’ರವರೆಗೆ ಅಂಕಿ ಹಾಕಿಬಿಟ್ಟರು, 17 ಮಿಲಿಮೀಟರಿಗಿಂತ ಕಿರಿದಾದದ್ದು ನಾಲ್ಕು. ಅಜ್ಞಾನವನ್ನು ಸ್ಕೇಲಿನಿಂದ ಅಳೆದು ಜ್ಞಾನವಾಗಿಸುವ ಈ ವಿಧಾನವನ್ನು ಹವ್ಯಾಸಿಗಳು ಕೃತಜ್ಞತೆಯಿಂದ ಸ್ವೀಕರಿಸಿದ್ದಾರೆ.

ಶುದ್ಧೀಕರಣ ವಿಧಿಗೆ ಸಹನೆ ಬೇಕು. ಬಟ್ಟಿಯಿಳಿಸಿದ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ, ಹಲ್ಲುಕಡ್ಡಿಯಿಂದ ಮಣ್ಣನ್ನು ಕಣಕಣವಾಗಿ ಕೆದರಬೇಕು. ಹಸಿರು ಮಿಶ್ರಿತ ಕಂದು ಪದರವೇ ನಾಣ್ಯದ ಪ್ರಾಣ. ಅಕ್ಷರಗಳು ಉಳಿದಿರುವುದು ಅದರಲ್ಲೇ. ತಿಳಿಹಸಿರು ಪುಡಿ ಉದುರತೊಡಗಿದರೆ ಮಾತ್ರ ಅದು ಕ್ಲೋರೈಡಿನಿಂದ ಬರುವ ಕಂಚಿನ ರೋಗ. ಅಂಥದ್ದನ್ನು ಕೂಡಲೇ ಬೇರೆ ಇಡಬೇಕು. ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡದ ಹವ್ಯಾಸಿಗಳಿಗೆ ಇನ್ನೊಂದು ಅಪಾಯವಿದೆ, ಊರಿನಿಂದ ಬಂದ ತಾಯಿ. “ಏನೋ ಇದು, ಕಿಲುಬು ಹಿಡಿದ ಕಾಸೆಲ್ಲ ಬಟ್ಟಲಲ್ಲಿ ಹಾಕಿಟ್ಟಿದೀಯಲ್ಲೋ? ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿಟ್ಟಿದೀನಿ ನೋಡು, ಹೆಂಗೆ ಫಳಫಳ ಅಂತಿದೆ!” 1,600 ವರ್ಷ ಬಾಳಿದ ಪದರ ಅಡುಗೆಮನೆಯ ಸಿಂಕಿನಲ್ಲಿ ಹರಿದುಹೋಗಲು ಸಂಜೆ ಕಾಫಿಗೆ ಮುಂಚಿನ ವೇಳೆ ಸಾಕು. ನಮ್ಮ ಸೂತ್ರದ ಪ್ರಕಾರ ಇದು ನಷ್ಟವಲ್ಲ. ಈಗ ಆ ನಾಣ್ಯ ಯಾರದು ಬೇಕಾದರೂ ಆಗಬಹುದು.

ನಕಲಿಯ ಬಗ್ಗೆ ಎರಡು ಮಾತು. ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಎಂಬ ಜರ್ಮನ್ ಮಹಾಶಯ ಪ್ರಾಚೀನ ನಾಣ್ಯಗಳ ಅಚ್ಚುಗಳನ್ನು ತಾನೇ ಕೆತ್ತಿ ಹೊಚ್ಚ ಹೊಸ ಪ್ರಾಚೀನತೆಯನ್ನು ಉತ್ಪಾದಿಸುತ್ತಿದ್ದ. ಹೊಳಪು ಕಳೆಯಲು ಅವುಗಳನ್ನು ಕಬ್ಬಿಣದ ಪುಡಿಯ ಪೆಟ್ಟಿಗೆಯಲ್ಲಿ ಹಾಕಿ, ಗಾಡಿಗೆ ಕಟ್ಟಿ, ಕಲ್ಲುರಸ್ತೆಯಲ್ಲಿ ಸವಾರಿ ಮಾಡಿಸುತ್ತಿದ್ದನಂತೆ. ಒಂದು ಸಾಮ್ರಾಜ್ಯಕ್ಕೆ ಶತಮಾನಗಳು ಹಿಡಿದ ಸವಕಳಿ ಅವನಿಗೆ ಒಂದು ಪ್ರಯಾಣದ ಕೆಲಸ. ಇಂದು ಬೆಕರನ ನಕಲಿಗಳನ್ನೇ ಆಸೆಪಟ್ಟು ಸಂಗ್ರಹಿಸುವವರಿದ್ದಾರೆ, ಅವು ಅಸಲಿ ಬೆಕರ್ ಹೌದೋ ಅಲ್ಲವೋ ಎಂದು ಚಿಂತಿಸುವವರೂ ಇದ್ದಾರೆ. ನಕಲಿ ನಾಣ್ಯಗಳು ಯಾವಾಗಲೂ ಇತರರ ಸಂಗ್ರಹದಲ್ಲಿಯೇ ಇರುತ್ತವೆಂಬುದು ಎಲ್ಲ ಪಂಥದವರೂ ಒಪ್ಪಿದ ಮಾತು.

ರೋಮಿನ ಒಳ್ಳೆಯ ಲೋಹ ನಮ್ಮ ಕಡೆಗೂ ಬಂದಿತ್ತು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸನ್ನು ಸೆಳೆಯುತ್ತದೆಂದು ಹಿರಿಯ ಪ್ಲಿನಿ ಗೊಣಗಿದ್ದಾನೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯಗಳ ನಿಧಿಯೇ ದೊರೆಯಿತು. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯ ಗೀರು ಬಿದ್ದಿದೆ. ಲೋಹ ಪರೀಕ್ಷೆಗೆಂದು ಕೆಲವರೂ, ಚಲಾವಣೆ ತಪ್ಪಿಸಲೆಂದು ಕೆಲವರೂ ವಾದಿಸುತ್ತಾರೆ. ಎರಡರಲ್ಲಿ ಯಾವುದೇ ಆಗಲಿ, ಮುಖ ಯಾರದೆಂದು ನಮ್ಮ ಪೂರ್ವಿಕರು ತಲೆ ಕೆಡಿಸಿಕೊಂಡಂತಿಲ್ಲ. ಅವರು ಹವ್ಯಾಸಿಗಳಲ್ಲ, ವ್ಯಾಪಾರಿಗಳು.

ಕೊನೆಗೆ ಓದುಗರಲ್ಲಿ ಒಂದು ಅರಿಕೆ, ಇದರಲ್ಲಿ ಅಣಕವಿಲ್ಲ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಇಂಥದ್ದೇನಾದರೂ ಸಿಕ್ಕರೆ ತೊಳೆಯಬೇಡಿ, ತಿಕ್ಕಬೇಡಿ, ಹಂಚಿಕೊಳ್ಳಬೇಡಿ. ಮಣ್ಣಿನಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ಯಾವ ಚಕ್ರವರ್ತಿಯದೆಂಬುದನ್ನು ನೀವೇ ನಿರ್ಣಯಿಸಿಕೊಂಡು ಹೋಗುವ ಅಗತ್ಯವಿಲ್ಲ.