ಎರಡೂ ಬಿಸ್ಕೆಟ್ ಕಲರ್ರೇ!

ಹಾಲ್‌ಗೆ ಬೀಜ್ ಹೊಡೆಸೋಣ ಅಂತ ತೀರ್ಮಾನ ಆಯ್ತಲ್ಲ, ಇನ್ನೇನು ಮುಗೀತು ಅಂದ್ಕೊಂಡ್ರಾ? ಶೇಡ್ ಕಾರ್ಡ್ ಬಿಚ್ಚಿ ನೋಡಿ ಮಾರಾಯ್ರೆ! ಐವರಿ, ಸ್ಯಾಂಡ್, ಆಮಂಡ್, ಲಿನನ್. ಕಿಟಕಿ ಹತ್ರ ಹಿಡೀತೀರಿ, ದೂರ ಒಯ್ತೀರಿ (ಕನ್ನಡಕ ಒರೆಸಿದ್ದೂ ಆಯ್ತು). "ಇದು ಸ್ವಲ್ಪ ವಾರ್ಮ್ ಅಲ್ವಾ?" ಅಂತ ಕೂಗ್ತೀರಿ. ಅಡುಗೆಮನೆಯಿಂದ ಅಮ್ಮ: "ಎರಡೂ ಬಿಸ್ಕೆಟ್ ಕಲರ್ರೇ, ಬಂದು ತಿಂಡಿ ತಿನ್ನು!"

ಅಲ್ಲಿಗೆ ಸುಮ್ನಾಗ್ತೀರಾ? ಎಲ್ಲಿ! ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕ್ತೀರಿ. ನಿಮ್ಮ ಫೋನು ಬಣ್ಣವನ್ನ ಒಂದಿಷ್ಟು ಕೆಡಿಸಿರುತ್ತೆ, ನೋಡೋರ ಸ್ಕ್ರೀನು ಮಿಕ್ಕಿದ್ದನ್ನ ಕೆಡಿಸುತ್ತೆ. ನ್ಯೂಜೆರ್ಸಿಯಿಂದ ಭಾವ "ಸೆಕೆಂಡ್ ಒನ್ ನೈಸ್" ಅಂತಾರೆ. (ಎಡದಿಂದಲೋ ಬಲದಿಂದಲೋ, ಕೇಳೋಕೆ ಸಂಕೋಚ.)

ಒಂದು ಗುಟ್ಟು ಹೇಳ್ಲಾ? ಕಾರ್ಡಿನ ಪಕ್ಕ ಅಚ್ಚಬಿಳಿ ಹಾಳೆ ಇಡಿ. ಒಂದು ಗುಲಾಬಿ ಕಡೆ ವಾಲುತ್ತೆ, ಇನ್ನೊಂದು ಹಳದಿಗೆ, ಮತ್ತೊಂದು ಕಳ್ಳನ ಹಾಗೆ ಹಸಿರಿಗೆ. ರೆಡ್ ಆಕ್ಸೈಡ್ ನೆಲವಿದ್ರಂತೂ ಬಿಸಿಲು ನೆಲಕ್ಕೆ ಬಿದ್ದು ಗೋಡೆಗೂ ಕೆಂಪು ಮೆತ್ತುತ್ತೆ. ಸಂಜೆ 6500 ಕೆಲ್ವಿನ್ ಟ್ಯೂಬ್‌ಲೈಟ್ ಹಾಕಿದ್ರೆ ಅದೇ ಗೋಡೆ ಬೂದು, 2700ರ ಬಲ್ಬ್ ಹಾಕಿದ್ರೆ ಹಳದಿ. ಅಂಗಡಿ ಬೆಳಕಲ್ಲಿ ಆರಿಸೋರು ನೀವು, ಬೈಸ್ಕೊಳ್ಳೋದು ಮಾತ್ರ ಪೇಂಟರ್ರು. ಪಾಪ!

ನಾಚಿಕೆ ಬೇಡ ಬಿಡಿ, ದೊಡ್ಡೋರೂ ಇಲ್ಲೇ ಎಡವಿದ್ದಾರೆ. 2002ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿಗಳು ಸುಮಾರು 2 ಲಕ್ಷ ಗೆಲಾಕ್ಸಿಗಳ ಬೆಳಕು ಕಲೆಹಾಕಿ, ಬ್ರಹ್ಮಾಂಡದ ಸರಾಸರಿ ಬಣ್ಣ ತಿಳಿ ಹಸಿರುನೀಲಿ ಅಂದ್ರು. ಒಂದೆರಡು ತಿಂಗಳಲ್ಲೇ ಸಾಫ್ಟ್‌ವೇರ್ ತಪ್ಪು ಸಿಕ್ತು: ಯಾವ ಬೆಳಕನ್ನ ಬಿಳಿ ಅನ್ನಬೇಕು ಅನ್ನೋದ್ರಲ್ಲೇ ಎಡವಟ್ಟು! ತಿದ್ದಿ ನೋಡಿದ್ರೆ ಬಂದಿದ್ದೇನು ಗೊತ್ತಾ? ಬೀಜ್. "ಕಾಸ್ಮಿಕ್ ಲಾಟೆ" ಅಂತ ಶೇಡಿಗೆ ಹೆಸರೂ ಇಟ್ರು. (ಅಮ್ಮನ ಪ್ರಕಾರ ಅದೂ ಬಿಸ್ಕೆಟ್ಟೇ.)

ಹಾಗಾಗಿ ಕಾರ್ಡು ಮಡಚಿಡಿ. ಸ್ಯಾಂಪಲ್ ಡಬ್ಬಿ ತಂದು ದೊಡ್ಡ ಬಿಳಿ ರಟ್ಟಿಗೆ ಎರಡು ಕೋಟ್ ಕೊಡಿ. ಪೂರ್ತಿ ಒಣಗಲಿ, ಹಸಿ ಎಮಲ್ಷನ್ ನಂಬಬೇಡಿ, ಒಣಗಿದ ಮೇಲೆ ಸಾಮಾನ್ಯವಾಗಿ ಗಾಢವಾಗುತ್ತೆ. ಬೆಳಗ್ಗೆ ಒಂದ್ಸಲ, ಲೈಟ್ ಹಾಕಿದ ಮೇಲೆ ಒಂದ್ಸಲ, ಗೋಡೆಯಿಂದ ಗೋಡೆಗೆ ಒರಗಿಸಿ ನೋಡಿ. ಒಪ್ಪಿದ್ದನ್ನ ಹಾಲ್‌ಗೆ ಬೇಕಾದಷ್ಟೂ ಒಟ್ಟಿಗೇ ತಂದ್ಬಿಡಿ. ಡಬ್ಬಿ ಮೇಲಿನ ಶೇಡ್ ಕೋಡ್ ಫೋಟೋ ತೆಗೆದಿಟ್ಕೊಳ್ಳಿ, ಮುಂದೆ ಟಚಪ್‌ಗೆ ಬೇಕಾಗುತ್ತೆ. ಗ್ರೂಪಿಗೆ ಮಾತ್ರ ಹಾಕ್ಬೇಡಿ!