ಅಲ್ಲಿಂದ ಏನು ತಂದೆ?

ವೀಸಾ ಬರುವ ಮೊದಲೇ ಪಟ್ಟಿ ಬಂತು.

ಚಿಕ್ಕಮ್ಮನಿಗೆ ಲೆದರ್ ಬ್ಯಾಗು ಮತ್ತು ಚೀಸು. ಭಾವನಿಗೆ ಬೆಲ್ಟು. ಆಫೀಸಿನ ಹನ್ನೊಂದು ಮಂದಿಗೆ ಚಾಕಲೇಟು. ಎದುರುಮನೆಯವರಿಗೆ 'ಏನಾದ್ರೂ ಸಣ್ಣದು'. ರೋಮ್ ಕಣ್ತುಂಬ ನೋಡಿಕೊಂಡು ಬಾ ಅಂತ ಒಬ್ಬರೂ ಹೇಳಲಿಲ್ಲ.

ಒಂಬತ್ತು ದಿನದ ಗ್ರೂಪ್ ಟೂರು. ವೆನಿಸ್‌ಗೆ ಅರ್ಧ ದಿನ. ಅದರಲ್ಲಿ ಒಂದೂವರೆ ಗಂಟೆ 'ಶಾಪಿಂಗ್ ಟೈಮ್'. ಉಳಿದದ್ದರಲ್ಲಿ ಅರ್ಧ ಶೌಚಾಲಯದ ಸಾಲಿಗೆ. ಹೀಗೆ ನಾವು ವೆನಿಸ್ ನೋಡಿದೆವು.

ವೆನಿಸ್ಸಿಗೂ ನಮ್ಮನ್ನು ನೋಡಿ ಸಾಕಾಗಿದೆ. ಜನ ಜಾಸ್ತಿಯಾಯಿತು ಎಂದು 2024ರಲ್ಲಿ, ಆಯ್ದ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರ ಮೇಲೆ 5 ಯೂರೋ ಪ್ರವೇಶ ಶುಲ್ಕ ಹಾಕಿತು. ಬರಬೇಡಿ ಅನ್ನುತ್ತದೆ. ಬಂದವರಿಗೆ ಮುಖವಾಡ ಮಾರುತ್ತದೆ.

'ಶತಮಾನಗಳ ಪರಂಪರೆ' ಅಂದ ಅಂಗಡಿಯವ. ಆ ಮುಖವಾಡ ತೊಡುವ ಕಾರ್ನಿವಲ್ 1797ರಲ್ಲಿ ವೆನಿಸ್ ಗಣರಾಜ್ಯ ಬಿದ್ದಮೇಲೆ ಕಳೆಗುಂದಿ ನಿಂತೇಹೋಗಿತ್ತು. ಮತ್ತೆ ಎದ್ದದ್ದು 1979-80ರ ಹೊತ್ತಿಗೆ. ನಡುವೆ ಪರಂಪರೆ ರಜೆಯ ಮೇಲಿತ್ತು.

ಗಾಜಿನ ಕಥೆ ಇನ್ನೂ ಚೆಂದ. ಕುಲುಮೆಗಳಿಂದ ಊರಿಗೆ ಬೆಂಕಿ ಬಿದ್ದೀತೆಂದು 1291ರಲ್ಲಿ ವೆನಿಸ್ ತನ್ನ ಗಾಜಿನ ಕಸುಬುದಾರರನ್ನು ಮುರಾನೊ ದ್ವೀಪಕ್ಕೆ ಅಟ್ಟಿತು. ಏಳು ಶತಮಾನ ಅವರು ಅಲ್ಲೇ ಗಾಜು ಊದಿದರು. ಈಗ ಚೀನಾದ ಅಗ್ಗದ ಗಾಜು ಅವರ ಹೆಸರಿನಲ್ಲೇ ಮಾರಾಟವಾಗುತ್ತದೆ. ಅಸಲಿಯನ್ನು ಗುರುತಿಸಲೆಂದೇ 'ವೆತ್ರೊ ಆರ್ತಿಸ್ತಿಕೊ ಮುರಾನೊ' ಅನ್ನುವ ಮುದ್ರೆ ಇದೆ.

ನಾವು ನೋಡಿದ ಬೀದಿಯಲ್ಲಿ ಮುದ್ರೆ ಇದ್ದ ಪೆಂಡೆಂಟು 45 ಯೂರೋ. ಇಲ್ಲದ್ದು 5. ನಮ್ಮ ಗುಂಪಿನ ಒಬ್ಬರು ಐದರದ್ದು ಎಂಟು ತೆಗೆದುಕೊಂಡರು. 'ಅವರಿಗೇನು ಗೊತ್ತಾಗತ್ತೆ ಬಿಡಿ!' ಉಡುಗೊರೆ ಎಂದರೇನು ಅಂತ ಇನ್ನು ಮುಂದೆ ಯಾರಾದರೂ ಕೇಳಿದರೆ ಈ ಮಾತನ್ನೇ ಹೇಳುತ್ತೇನೆ.

ರೋಮಿನ ಫುಟ್‌ಪಾತಿನಲ್ಲಿ 'ಪಶ್ಮೀನಾ, ಪಶ್ಮೀನಾ, 10 ಯೂರೋ'. ಕಾಶ್ಮೀರದ ಹೆಸರು, ರೇಯಾನಿನ ನೂಲು, ಬಾಂಗ್ಲಾದ ಹುಡುಗ, ಬೆಂಗಳೂರಿನ ಗಿರಾಕಿ. ಇದರಲ್ಲಿ ಇಟಲಿಯದ್ದು ಫುಟ್‌ಪಾತು ಮಾತ್ರ. ಪಕ್ಕದಲ್ಲೇ ಬೆಡ್‌ಶೀಟು ಹಾಸಿ ನಕಲಿ ಬ್ರ್ಯಾಂಡಿನ ಬ್ಯಾಗು. ನಕಲಿ ಕೊಂಡವನಿಗೂ ಅಲ್ಲಿ ಸಾವಿರಾರು ಯೂರೋ ದಂಡ ಹಾಕಬಹುದು ಅಂತ ಗೈಡು ಎಚ್ಚರಿಸಿದ. ತಕ್ಷಣ ಎಲ್ಲರಿಗೂ ಕಾನೂನಿನ ಮೇಲೆ ಗೌರವ ಬಂತು. ಪೊಲೀಸರು ಕಾಣುವವರೆಗೆ ಅಲ್ಲ, ಪೊಲೀಸರು ಹೋಗುವವರೆಗೆ.

ಫ್ಲಾರೆನ್ಸಿನಲ್ಲಿ ಡೇವಿಡ್. ಮೈಕೆಲೆಂಜೆಲೊ 1504ರಲ್ಲಿ ಮುಗಿಸಿದ, 5 ಮೀಟರಿಗೂ ಎತ್ತರದ ಅಮೃತಶಿಲೆ. ಆತನ ಮಾನದ ಬಗ್ಗೆ ಇಟಲಿಗೆ ಬಹಳ ಕಾಳಜಿ. ಒಂದು ಫ್ಯಾಷನ್ ಪತ್ರಿಕೆ ಆತನ ಚಿತ್ರವನ್ನು ಅನುಮತಿಯಿಲ್ಲದೆ ತಿದ್ದಿ ಮುಖಪುಟಕ್ಕೆ ಹಾಕಿದ್ದಕ್ಕೆ, 2023ರಲ್ಲಿ ಅಲ್ಲಿನ ಕೋರ್ಟು ಪ್ರಕಾಶಕರಿಂದ 50 ಸಾವಿರ ಯೂರೋ ಪರಿಹಾರ ಕಟ್ಟಿಸಿತು. ಕಲೆಯ ಘನತೆಯ ಪ್ರಶ್ನೆ.

ಹೊರಗೆ ಬಂದರೆ ಬೀದಿಯುದ್ದಕ್ಕೂ ಅಡುಗೆ ಏಪ್ರನ್ನು. ಕತ್ತಿನಿಂದ ಮೊಣಕಾಲಿನವರೆಗೆ ಡೇವಿಡ್ಡನ ಬೆತ್ತಲೆ ಮೈ. ಕಟ್ಟಿಕೊಂಡರೆ ಘನತೆ ಸರಿಯಾಗಿ ಹೊಕ್ಕುಳದ ಕೆಳಗೆ ಬರುತ್ತದೆ. ಭಾವನಿಗೆ ಬೆಲ್ಟಿನ ಬದಲು ಇದನ್ನೇ ಕೊಳ್ಳೋಣ ಅನಿಸಿತ್ತು. ಅವರು ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ನೆನಪಾಗಿ ಬಿಟ್ಟೆ.

ಇನ್ನು ಬ್ಯಾಗು. 'ಮೇಡ್ ಇನ್ ಇಟಲಿ' ಅನ್ನುವ ಮೂರು ಪದಕ್ಕೆ ನಮ್ಮ ಜನ ಕೈಮುಗಿಯುತ್ತಾರೆ. ಇಟಲಿಯ ನೆಲದ ಮೇಲೆ ಹೊಲಿದದ್ದು ಅಂತ ಅದರ ಅರ್ಥ. ಹೊಲಿದವರು ಯಾರು, ಎಷ್ಟು ತಾಸು, ರಾತ್ರಿ ಎಲ್ಲಿ ಮಲಗಿದರು ಎಂದು ಹೇಳಲು ಲೇಬಲ್ಲಿನಲ್ಲಿ ಜಾಗವಿಲ್ಲ. 2024ರಲ್ಲಿ ದೊಡ್ಡ ಬ್ರ್ಯಾಂಡೊಂದರ ವಿಷಯದಲ್ಲಿ ಮಿಲಾನಿನ ಕೋರ್ಟಿಗೆ ಹೋದ ಕಾಗದಗಳಲ್ಲಿ ಆ ಜಾಗವಿತ್ತು. ಉಪಗುತ್ತಿಗೆಯ ವರ್ಕ್‌ಶಾಪಿನಲ್ಲೇ ಮಲಗೆದ್ದು ದುಡಿಯುವ ಚೀನೀ ಕೂಲಿಗಳು. ಅಂಗಡಿಯಲ್ಲಿ 2,600 ಯೂರೋ ಬೆಲೆಯ ಬ್ಯಾಗು. ಚರ್ಮದ ಖರ್ಚು ಬಿಟ್ಟು, ಹೊಲಿಸಿಕೊಟ್ಟವನಿಗೆ ಸಿಕ್ಕಿದ್ದು 53.

ಚಿಕ್ಕಮ್ಮನಿಗೆ ನಾನು ತಂದದ್ದು ಅಷ್ಟು ದೊಡ್ಡ ಬ್ಯಾಗೇನಲ್ಲ. ಸಂತೆಯದ್ದು. ಆದರೂ ಮೂಸಿ ನೋಡಿದರು. 'ಕರುವಿನ ಚರ್ಮ, ಎಷ್ಟು ಮೆತ್ತಗಿದೆ!' ಅಂದರು. ಗೋಪೂಜೆ ತಪ್ಪಿಸದ ಮನೆ ಅದು.

ಚೀಸೂ ತಂದಿದ್ದೆ. ಅಸಲಿ ಪಾರ್ಮಿಜಾನೊ ರೆಜ್ಜಾನೊ. ಕನಿಷ್ಠ 12 ತಿಂಗಳು ಮಾಗಬೇಕು. ಹಾಲು, ಉಪ್ಪು ಮತ್ತು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. ಬೇರೇನೂ ಸೇರಿಸುವಂತಿಲ್ಲ, ಹೆಪ್ಪು ಬಿಡುವಂತೆಯೂ ಇಲ್ಲ. ನಿಯಮವೇ ಹಾಗೆ.

ಬೇಕರಿಯಲ್ಲಿ 'ಎಗ್‌ಲೆಸ್ ತಾನೆ?' ಎಂದು ಮೂರು ಸಲ ಕೇಳುವ ಚಿಕ್ಕಮ್ಮ ಅದನ್ನು ತುರಿದು ದೋಸೆಯ ಮೇಲೆ ಹಾಕಿದರು. ಮನಸ್ಸು ತಡೆಯದೆ ಹೆಪ್ಪಿನ ವಿಷಯ ಹೇಳಿದೆ.

'ಅದನ್ನೆಲ್ಲ ಈಗ ಯಾಕೆ ಹೇಳ್ತೀಯಾ?' ಅಂದರು. ದೋಸೆ ಮುಗಿಸಿದರು.

ಎದುರುಮನೆಯವರಿಗೆ ಪೀಸಾ ಗೋಪುರದ ಮ್ಯಾಗ್ನೆಟ್ಟು. ಸೂಟ್‌ಕೇಸಿನಲ್ಲಿ ಅಂಟು ಬಿಟ್ಟು ಗೋಪುರ ನೆಟ್ಟಗಾಗಿತ್ತು. ಇಂಜಿನಿಯರುಗಳು ವರ್ಷಗಟ್ಟಲೆ ಹೆಣಗಿ ಸುಮಾರು ಅರ್ಧ ಮೀಟರಿನಷ್ಟು ಮಾತ್ರ ಸರಿಪಡಿಸಿದ್ದನ್ನು ನಮ್ಮ ವಿಮಾನದ ಲಗೇಜು ಸಿಬ್ಬಂದಿ ಒಂದೇ ರಾತ್ರಿಯಲ್ಲಿ ಮಾಡಿಕೊಟ್ಟಿದ್ದರು.

ಕೊನೆಗೆ ಚಪ್ಪಲಿಯ ಮಾತು. 2025ರ ಜೂನ್‌ನಲ್ಲಿ ಮಿಲಾನಿನ ಪ್ರಾಡಾ ತನ್ನ ಫ್ಯಾಷನ್ ಷೋದಲ್ಲಿ ಒಂದು ಚಪ್ಪಲಿ ನಡೆಸಿತು. ನೋಡಿದವರೆಲ್ಲ ಕೊಲ್ಹಾಪುರಿ ಅಂದರು. ಪ್ರಾಡಾ ಮೊದಲು ಏನೂ ಅನ್ನಲಿಲ್ಲ. ಗಲಾಟೆಯಾದ ಮೇಲೆ ಹೌದು ಅಂದಿತು. ಆ ಚಪ್ಪಲಿಗೆ 2019ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. 2025ರ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಪ್ರಾಡಾದ ಒಪ್ಪಂದವಾಯಿತು. ಇಲ್ಲೇ ಹೊಲಿಸಿ 2,000 ಜೋಡಿ. ಜೋಡಿಗೆ ಸುಮಾರು 800 ಯೂರೋ.

ಮೂರು ವರ್ಷದ ಹಿಂದೆ ಕೊಲ್ಹಾಪುರದ ಮಹಾಲಕ್ಷ್ಮಿ ದರ್ಶನಕ್ಕೆ ಹೋಗುವಾಗ ನಿಪ್ಪಾಣಿಯಲ್ಲಿ ಕಾರು ನಿಲ್ಲಿಸಿದ್ದೆವು. ಕೈಯಲ್ಲೇ ಹೊಲಿದ ಜೋಡಿಗೆ ಮುದುಕ 850 ರೂಪಾಯಿ ಹೇಳಿದ. ಚಿಕ್ಕಮ್ಮ ಅರ್ಧ ಗಂಟೆ ಜಗ್ಗಾಡಿ ಐನೂರಕ್ಕೆ ಇಳಿಸಿದರು. ದುಡ್ಡನ್ನು ಕೈಗೆ ಕೊಡಲಿಲ್ಲ. ಹಲಗೆಯ ಮೇಲೆ ಇಟ್ಟರು.

ಈಗ ಪ್ರಾಡಾ ಸುದ್ದಿಯನ್ನು ಫೋನಿನಲ್ಲಿ ತೋರಿಸಿದೆ. ಚಿಕ್ಕಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

'ಮುಂದಿನ ಸಲ ಹೋದಾಗ ಇಂಥದ್ದೊಂದು ಜೊತೆ ತಗೊಂಡು ಬಾ.'

'ಚಿಕ್ಕಮ್ಮ, ಇದು ನಿಪ್ಪಾಣಿ ಕಡೇದೇ.'

'ಇರಬಹುದು ಕಣೋ. ಅಲ್ಲಿಂದ ತಂದ್ರೆ ಬೇರೆ.'